ಎಡಕ್ಕೆ ಉಜ್ಜುವ ಕಾರು

ನಮ್ಮ ಭಾವನ ಕಾರು ಹತ್ತಬೇಕೆಂದರೆ ಮೊದಲು ನಿಮ್ಮ ತೂಕ ಹೇಳಬೇಕಿತ್ತು. ತಮಾಷೆಯಲ್ಲ! ಕುಶಲ ಸಮಾಚಾರ, ಎಲ್ಲಿಗೆ ಹೊರಟಿದ್ದು, ಊಟ ಆಯಿತೇ ಇತ್ಯಾದಿಗಳೆಲ್ಲ ಆಮೇಲೆ. ಬಾಗಿಲಿಗೆ ಕೈ ಹಾಕಿದವರನ್ನು ಭಾವ ಮೇಲಿಂದ ಕೆಳಗೆ ಒಮ್ಮೆ ನೋಡಿ, ಮನಸ್ಸಿನಲ್ಲೇ ತೂಗಿ, ಬಲಕ್ಕೋ ಎಡಕ್ಕೋ ಕೂರಿಸುತ್ತಿದ್ದ. ಈಗ ಆ ಕಾರೂ ಇಲ್ಲ, ನಮ್ಮನ್ನು ಹಾಗೆ ತೂಗಿ ನೋಡುವವರೂ ಇಲ್ಲ. ಎಲ್ಲಿ ಬೇಕಾದರೂ ಕೂರಬಹುದಾದ ಕಾರುಗಳಲ್ಲಿ ಓಡಾಡುತ್ತಿದ್ದೇನೆ; ಯಾಕೋ ಎಲ್ಲಿ ಕೂತರೂ ಸರಿಯಾಗಿ ಕೂತಂತೆ ಅನ್ನಿಸುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೆಳಂಬಾರದ ಮೀನುಗಾರರ ಮನೆಯವನು, ಕಾರವಾರದಲ್ಲಿ ಸರಕಾರಿ ನೌಕರಿ. ಅವನ ಅಪ್ಪನ ದೋಣಿಯಲ್ಲಿ ಯಾರೂ ತಮಗಿಷ್ಟ ಬಂದಲ್ಲಿ ಕೂರುವಂತಿರಲಿಲ್ಲವಂತೆ. ಹಿರಿಯರು ಮೈ ನೋಡಿ ಜಾಗ ತೋರಿಸಬೇಕು, ಉಳಿದವರು ತೆಪ್ಪಗೆ ಕೂರಬೇಕು. ದೋಣಿ ಬಿಟ್ಟು ಕಡತ ಹಿಡಿದರೂ ಆ ಅಭ್ಯಾಸ ಭಾವನನ್ನು ಬಿಟ್ಟಿರಲಿಲ್ಲ. ಆದರೆ ಕಾರಿಗೇಕೆ ಅದು ಬೇಕಾಯಿತು ಎನ್ನುತ್ತೀರಾ? ಅದಕ್ಕೆ ಕಾರಣ ಅವನ ಮಗಳು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಕಾರವಾರದ ಕಡಲ ದಂಡೆಯ ಬಳಿ ಗೋವಾ ಕಡೆಯ ಒಂದು ಕಾರು ನಿಂತಿತ್ತು. ಮೈ ತಗ್ಗಿಸಿಕೊಂಡು, ಅಗಲ ಟಾಯರು ಹಾಕಿಕೊಂಡು, ನೆಲಕ್ಕೆ ಕಿವಿಗೊಟ್ಟು ಏನೋ ಕೇಳುತ್ತಿದೆ ಎಂಬಂತೆ.

“ಅಪ್ಪಾ, ರಾಶಿ ಚಂದ ಅಲ್ದಾ?”

“ಇಂಥದ್ರಲ್ಲೇ ನಿನ್ನ ಗಂಡನ ಮನೆಗೆ ಕಳಿಸ್ತೆ, ನೋಡ್ತಾ ಇರು” ಎಂದ ಭಾವ.

ಉಳಿದ ಅಪ್ಪಂದಿರು ಇಂಥ ಮಾತು ಆಡಿ ಮರೆಯುತ್ತಾರೆ. ನಮ್ಮ ಭಾವ ತನ್ನ ಹಳೆಯ ಸಣ್ಣ ಕಾರನ್ನು ನೇರ ಗ್ಯಾರೇಜಿಗೆ ಒಯ್ದು, ಮೈ ತಗ್ಗಲೆಂದು ಸ್ಪ್ರಿಂಗ್ ತುಂಡು ಮಾಡಿಸಿ, ಅಗಲ ಟಾಯರು ಹಾಕಿಸಿ ತಂದ! ತಂದು ಅಂಗಳದಲ್ಲಿ ನಿಲ್ಲಿಸಿ, ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದವನ ಮುಖ ಕಪ್ಪಿಟ್ಟಿತು. ಬಲಗಡೆಯ ಹಿಂದಿನ ಚಕ್ರ ಮಡ್‌ಗಾರ್ಡಿನೊಳಗೆ ಮರ್ಯಾದೆಯಿಂದ ಕೂತಿತ್ತು. ಎಡಗಡೆಯದು ಮಾತ್ರ ಜಗಳಕ್ಕೆ ನಿಂತವರ ಮೊಣಕೈಯಂತೆ ಒಂದು ಬೆರಳು ಹೊರಗೆ!

ಹಿಂದಿನ ಎರಡೂ ಚಕ್ರ ಕೂಡಿಸುವ ಆಕ್ಸಲ್ಲನ್ನು ಕಾರಿನ ಮೈಗೆ ಹಿಡಿದಿಡಲು ಅಡ್ಡಕ್ಕೆ ಒಂದು ಸರಳು ಇರುತ್ತದಂತೆ. ಮೈ ತಗ್ಗಿದಾಗ, ಓರೆಯಾಗಿದ್ದ ಸರಳು ಮಲಗಿ, ಆಕ್ಸಲ್ಲನ್ನೇ ಒಂದು ಪಕ್ಕಕ್ಕೆ ದೂಡಿಬಿಡುತ್ತದಂತೆ. ಹೀಗಾಗಿ ಎಡಗಡೆ ಯಾರಾದರೂ ಭಾರದವರು ಕೂತರೆ ಟಾಯರು ಮಡ್‌ಗಾರ್ಡಿಗೆ ‘ಕರ್ರ್’ ಎಂದು ಉಜ್ಜುತ್ತಿತ್ತು. “ಮೊದಲಿನಷ್ಟೇ ಎತ್ತರ ಮಾಡಿಬಿಡುವ, ಎಲ್ಲ ಸಮಾ ಆಗ್ತದೆ” ಎಂದರು ಗ್ಯಾರೇಜಿನವರು. ಭಾವ ಒಪ್ಪುತ್ತಾನೆಯೇ? ಮಗಳು ಚಂದ ಎಂದಿದ್ದು ತಗ್ಗಿದ ಕಾರನ್ನು! ಅಂದಿನಿಂದ ಶುರುವಾಯಿತು ದೋಣಿಯ ಕಾನೂನು: ಭಾರವೆಲ್ಲ ಬಲಕ್ಕೆ. ಮಗಳಿಗೆ ಅಪ್ಪನ ಬೆನ್ನ ಹಿಂದಿನ ಬಲಗಡೆ ಸೀಟು ಕಾಯಂ ಆಯಿತು.

ನಾನೋ, ಚಿಂತೆ ಮಾಡುವುದನ್ನೇ ಉದ್ಯೋಗ ಮಾಡಿಕೊಂಡವನು. ರಸ್ತೆಯಲ್ಲಿ ಉಬ್ಬು ಕಂಡರೆ ಸಾಕು, ಉಸಿರು ಬಿಗಿಹಿಡಿದು ಸೀಟಿನಿಂದ ಅರ್ಧ ಮೇಲೇಳುತ್ತಿದ್ದೆ, ನನ್ನ ಭಾರವನ್ನು ಅಷ್ಟು ಹೊತ್ತು ಗಾಳಿಗೆ ವಹಿಸಿಕೊಟ್ಟವನಂತೆ. ಭಾವ ಕನ್ನಡಿಯಲ್ಲಿ ನೋಡಿ, “ಇಳಿ ಮಾರಾಯಾ, ನೀ ಹಾರಿದ್ರೂ ಕಾರು ಹಾರೂದಿಲ್ಲ” ಎನ್ನುತ್ತಿದ್ದ.

ಒಮ್ಮೆ ಬೊಬ್ರುವಾಡದ ನೆಂಟರ ಮನೆಗೆ ಹೊರಟಾಗ ಭಾವ ನನ್ನ ಹೆಂಡತಿಗೆ ಬಲು ಪ್ರೀತಿಯಿಂದ, “ತಂಗಿ, ನೀ ಬಲಕ್ಕೆ ಕೂತ್ಕಾ. ನೀ ಒಬ್ಳು ಕೂತ್ರೆ ಸಾಕು, ಕಾರು ಸಮಾ ಆಗ್ತದೆ” ಎಂದ.

“ನಾನೇನು ಅಕ್ಕಿ ಮೂಟೆನಾ ಭಾವ?” ಎಂದವಳೇ ಇಳಿದು ಬಸ್ಸು ಹಿಡಿದಳು. ಬಸ್ಸಿನ ಕಂಡಕ್ಟರೂ, “ಅಕ್ಕಾ, ಬಲಗಡೆ ಕೂತ್ಕಳಿ” ಎಂದನಂತೆ! ಸಿಟ್ಟಿಗೆ ಬೊಬ್ರುವಾಡದವರೆಗೂ ನಿಂತೇ ಹೋದಳು.

ವರ್ಷಗಳು ಕಳೆದವು. ಕಾಲೇಜು ಸೇರಿದ ಮೇಲೆ ಮಗಳು, “ಅಪ್ಪಾ, ನಮ್ಮ ಕಾರು ಕುಂಟ್ತದೆ ಅಂತಾರೆ ಎಲ್ರೂ” ಎಂದು ಕಾಲೇಜಿಗಿಂತ ಒಂದು ತಿರುವು ಹಿಂದೆಯೇ ಇಳಿಯತೊಡಗಿದಳು. ಭಾವ ಕಾರನ್ನು ಇನ್ನಷ್ಟು ತಿಕ್ಕಿ ಹೊಳೆಯಿಸಿದ. ಕಡಲ ದಂಡೆಯ ಆ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಕೊನೆಗೆ ಕದ್ರಾದಿಂದ ಸಂಬಂಧ ಬಂತು. ಹುಡುಗ ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ನೌಕರ. ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಸಂಬಳ, ಜಾತಕ ಏನು ಕೇಳುತ್ತಾನೋ ಎಂದು ಎಲ್ಲರೂ ಕಾದಿದ್ದರೆ ಭಾವ ಕೇಳಿದ್ದು, “ಹುಡುಗ ಎಷ್ಟು ಕೆಜಿ?”

ಹುಡುಗನ ತಂದೆ ಲೋಟ ಕೆಳಗಿಟ್ಟರು. “ನಾವು ಇಲ್ಲಿಗೆ ಮೀನು ತೂಗ್ಸೂಕೆ ಬಂದದ್ದಲ್ಲ.”

ಮದುಮಗಳು ಮದುಮಗನ ಎಡಕ್ಕೆ ಕೂರುವುದು ಪದ್ಧತಿ. ಅಂದರೆ ಕಾರಿನಲ್ಲಿ ಬಲಗಡೆ ಹುಡುಗ, ಅವನು ಭಾರವಿದ್ದಷ್ಟೂ ಒಳ್ಳೆಯದು! ಭಾವನ ಲೆಕ್ಕಾಚಾರ ಗೊತ್ತಿದ್ದರೂ ಅದನ್ನು ಬೀಗರಿಗೆ ವಿವರಿಸುವುದು ಹೇಗೆ? ಅಷ್ಟರಲ್ಲಿ ಹುಡುಗನೇ ನಕ್ಕು, “ಎಂಬತ್ತೆರಡು ಮಾವ” ಎಂದ.

“ಅಡ್ಡಿಲ್ಲ! ಆಗ್ತದೆ!” ಎಂದು ಭಾವ ತೊಡೆ ತಟ್ಟಿದ. ಮದುವೆ ನಿಶ್ಚಯವಾದದ್ದು ಹೀಗೆ.

ಅಂಕೋಲೆಯಲ್ಲಿ ಮದುವೆ. ಸಭಾಭವನದ ಬಾಗಿಲಲ್ಲಿ ಅಬ್ಬಲಿಗೆ ಮಾಲೆ ಹಾಕಿಕೊಂಡು ನಿಂತ ಕಾರು ಅಂದು ನಿಜಕ್ಕೂ ಚಂದ ಕಾಣುತ್ತಿತ್ತು. ಹುಡುಗ, ಭಾವ ಹೇಳಿದಂತೆ, ಬಲಕ್ಕೆ ಹೋಗಿ ಕೂತ. ಎಡಕ್ಕೆ ಹತ್ತಲು ಮಗಳು ಬಂದಳು. ಹಣೆಗೆ ಬಾಸಿಂಗ, ತಲೆ ತುಂಬ ಹೂವಿನ ದಂಡೆ, ಮಿಸುಕದ ಜರಿ ಸೀರೆ. ಬಗ್ಗಿದಳು, ಬಾಸಿಂಗ ಬಾಗಿಲ ಮೇಲಂಚಿಗೆ ತಾಗಿತು. ಇನ್ನೂ ಬಗ್ಗಿದಳು, ದಂಡೆ ಜಾರಿತು. ಪಕ್ಕಕ್ಕೆ ವಾಲಿ ನೋಡಿದಳು, ಹಿಂದು ಹಿಂದಾಗಿ ಕೂರಲು ನೋಡಿದಳು. ತಗ್ಗಿಸಿದ ಕಾರು ಮದುಮಗಳ ಬಾಸಿಂಗದ ಎತ್ತರವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ! ಚಕ್ರದ ಒಂದು ಬೆರಳಿಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಭಾವ, ಎಲ್ಲದಕ್ಕೂ ಚಿಂತಿಸುವ ನಾನು, ಇಬ್ಬರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

“ಮನೆ ತುಂಬಿಸಿಕೊಳ್ಳೋ ಹೊತ್ತು ಮೀರ್ತದೆ” ಎಂದರು ಬೀಗರು. ಅವರ ಎತ್ತರದ ಜೀಪು ಪಕ್ಕಕ್ಕೆ ಬಂತು.

“ಅಪ್ಪಾ, ಬಾಸಿಂಗ ಬಿಚ್ಚಿ ಕೂರ್ಲಾ?” ಎಂದಳು ಮಗಳು ಮೆಲ್ಲಗೆ. “ನೀ ಹೇಳಿದ್ಯಲಾ, ಇದ್ರಲ್ಲೇ ಕಳಿಸ್ತೆ ಅಂತ.”

ನೆನಪಿತ್ತು ಅವಳಿಗೆ! ಭಾವ ಅವಳ ದಂಡೆ ಸರಿಮಾಡಿ, “ಬಾಸಿಂಗ ಬಿಚ್ಚೂಕಾಗ ಮಗಾ. ಜೀಪಿಗೆ ಹತ್ತು. ನಾ ಹಿಂದೇ ಬರ್ತೆ” ಎಂದ.

ಸೋದರಮಾವನೆಂದು ನಾನೂ ಹೊರಟೆ. ಮುಂದಿನ ಸೀಟಿನಲ್ಲಿ ಬೀಗರ ಮನೆಗೆ ಒಯ್ಯುವ ತೆಂಗಿನಕಾಯಿ, ಹಣ್ಣಿನ ಬುಟ್ಟಿ. “ಭಾವ, ನಾನು ಎಲ್ಲಿ ಕೂರಲಿ?” ಎಂದೆ.

“ಎಲ್ಲಾದ್ರೂ ಕೂತ್ಕಾ.”

ಇಷ್ಟು ವರ್ಷಗಳಲ್ಲಿ ಮೊದಲ ಸಲ! ಹತ್ತಿರವಿದ್ದ ಎಡಗಡೆಗೇ ಕೂತೆ. ಕಾರವಾರ ದಾಟಿ ಕಾಳಿ ನದಿಯ ಪಕ್ಕದ ರಸ್ತೆ ಹಿಡಿದೆವು. ಮುಂದೆ ಜೀಪು, ಹಿಂದೆ ನಾವು. ಬಲಕ್ಕೆ ಹೊರಳುವ ಪ್ರತಿ ತಿರುವಿನಲ್ಲೂ ‘ಕರ್ರ್’. ಟಾಯರು ಎಲ್ಲಿ ಹರಿದುಹೋಗುತ್ತದೋ ಎಂಬ ಚಿಂತೆ ನನಗೆ. ತಡೆಯಲಾರದೆ ಮೆಲ್ಲಗೆ ಜರುಗಿ ಮಗಳ ಜಾಗಕ್ಕೆ, ಬಲಕ್ಕೆ, ಹೋಗಿ ಕೂತೆ.

ಉಜ್ಜುವ ಸದ್ದು ನಿಂತಿತು. ಅದರಡಿ ಮುಚ್ಚಿಹೋಗಿದ್ದ ಇನ್ನೊಂದು ಸದ್ದು, ಭಾವನ ಬಿಕ್ಕು, ಆಗ ಕೇಳಿಸಿತು.

ಭಾವ ಹಿಂತಿರುಗಿ ನೋಡಲಿಲ್ಲ. “ಎಂತಕ್ಕೆ ಸರ್ದೆ ಮಾರಾಯಾ?” ಎಂದ. “ಅಲ್ಲೇ ಕೂತ್ಕಾ. ಉಜ್ಜಲಿ ಅದು.”

ನಾನು ಮತ್ತೆ ಎಡಕ್ಕೆ ಸರಿದು, ಮೈಭಾರವನ್ನೆಲ್ಲ ಬಿಟ್ಟು ಕೂತೆ.