ಹೊಟ್ಟೆ ಕೊಯ್ಯಿಸಿಕೊಂಡರೂ ಮಣಿಯದ ನನ್ನ ಮಂಡಿಗಳಿಗೆ

ಹೊಸೂರು
ಜೂನ್ ೨೦೦೮

ಶ್ರೀಮಾನ್ ಎಡಮಂಡಿಯವರಿಗೆ, ಹಾಗೂ ಅವರು ಮುನಿಸಿಕೊಂಡಾಗಲೆಲ್ಲ ತಪ್ಪದೆ ಮುನಿಸಿಕೊಳ್ಳುವ ಶ್ರೀಮಾನ್ ಬಲಮಂಡಿಯವರಿಗೆ,
ಸೀರೆ ನೆರಿಗೆಯ ಹಿಂಭಾಗ, ಬಾಗಲೂರು ರಸ್ತೆ, ಹೊಸೂರು.

ಮಾನ್ಯರೇ,

ತಮ್ಮ ಪಾದಕ್ಕೆರಗಿ ಈ ಪತ್ರವನ್ನು ಆರಂಭಿಸಬೇಕೆಂಬುದು ನನ್ನ ಆಸೆಯಾಗಿತ್ತು. ಆದರೆ ಎರಗುವುದಕ್ಕೆ ತಮ್ಮದೇ ಅಪ್ಪಣೆ ಬೇಕಾಗಿದ್ದು, ಆ ಅಪ್ಪಣೆ ಕೆಲವು ವರ್ಷಗಳಿಂದ ಸಿಗುತ್ತಿಲ್ಲವಾದ್ದರಿಂದ, ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಕೈಮುಗಿಯುತ್ತಿದ್ದೇನೆ. ನಾನು ಯಾರೆಂದು ತಮಗೆ ಹೇಳಬೇಕಾಗಿಲ್ಲ. ಆದರೂ ಇದು ಬಹಿರಂಗ ಪತ್ರವಾದ್ದರಿಂದ ಓದುವ ನಾಲ್ಕು ಜನಕ್ಕೋಸ್ಕರ ಹೇಳಿಕೊಳ್ಳುತ್ತೇನೆ: ಹೆಸರು ರುಕ್ಮಿಣಮ್ಮ, ಇದೇ ಊರಿನ ಶಾಲೆಯೊಂದರಲ್ಲಿ ಕನ್ನಡ ಟೀಚರು. ಬೀದಿದೀಪ ಉರಿಯುತ್ತಿಲ್ಲವೆಂದು, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಮಾನ್ಯ ಅಧಿಕಾರಿಗಳಿಗೆ ದೂರು ಬರೆಯುವುದನ್ನು ವರ್ಷಾವರ್ಷ ಮಕ್ಕಳಿಗೆ ಕಲಿಸುತ್ತ ಬಂದವಳಿಗೆ, ಸ್ವಂತಕ್ಕೊಂದು ದೂರು ಬರೆಯುವ ಯೋಗವನ್ನು ತಾವು ದಯಪಾಲಿಸಿದ್ದೀರಿ.

ಮೊದಲು ತಮ್ಮ ಸೇವೆಯನ್ನು ಕೊಂಡಾಡಿಬಿಡುತ್ತೇನೆ. ಮಳೆಯ ಸುದ್ದಿಯನ್ನು ರೇಡಿಯೋದವರಿಗಿಂತ ಮುಂಚೆ ಮುಟ್ಟಿಸುವವರು ತಾವು. ನಮ್ಮ ಯಜಮಾನರಾದ ರಾಮಾಂಜಿನಪ್ಪನವರು ಕಾರ್ಖಾನೆಗೆ ಹೊರಡುವಾಗ ಆಕಾಶ ನೋಡುವುದನ್ನೇ ಬಿಟ್ಟು, ನನ್ನ ಮುಖ ನೋಡಿ ಕೊಡೆ ತೆಗೆದುಕೊಳ್ಳುತ್ತಾರೆ. ಟೌನ್ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ತಾವು ಹೊರಡಿಸುವ ಕಟಕಟ ಸದ್ದಿಗೆ ಕಂಡಕ್ಟರು ಸೀಟಿ ಊದುವುದನ್ನು ಮರೆತು "ಮೆದುವಾ ಏರುಂಗಮ್ಮಾ" ಎಂದು ತಮಿಳಿನಲ್ಲಿ ಉಪಚರಿಸಿ, ನಿಧಾನವಾಗಿ ಹತ್ತಲು ಕೈ ನೀಡುತ್ತಾನೆ, ಕಾಲೇಜು ಹುಡುಗಿಯರು ಎದ್ದು ಸೀಟು ಬಿಡುತ್ತಾರೆ. ಇಷ್ಟು ಮರ್ಯಾದೆ ನನ್ನ ಎಂ.ಎ. ಪದವಿಯಿಂದ ಯಾವತ್ತೂ ಸಿಕ್ಕಿರಲಿಲ್ಲ. ಬಿಸಿ ಮಾಡಿದ ಎಕ್ಕದೆಲೆ, ಹುರಿದ ಉಪ್ಪಿನ ಶಾಖ, ನೀಲಗಿರಿ ಎಣ್ಣೆ, ನಾಟ್ರಾಂಪಾಳ್ಯದ ಕಾಡಿನಿಂದ ಯಾರೋ ಪುಣ್ಯಾತ್ಮರು ತಂದುಕೊಟ್ಟ ಬೇರಿನ ಕಷಾಯ, ಎಲ್ಲ ಕಾಣಿಕೆಯನ್ನೂ ತಾವು ಪ್ರಸನ್ನಚಿತ್ತರಾಗಿ ಸ್ವೀಕರಿಸಿದಿರಿ, ವರ ಕೊಡುವುದನ್ನು ಮಾತ್ರ ಮರೆತಿರಿ. ಧರ್ಮಪುರಿಯನ್ನು ಒಡೆದು ಕೃಷ್ಣಗಿರಿಯನ್ನು ಬೇರೆ ಜಿಲ್ಲೆ ಮಾಡಿದಾಗ, ನನ್ನನ್ನೂ ತೊಡೆಯ ಹತ್ತಿರ ಗಡಿಕಲ್ಲು ನೆಟ್ಟು ಎರಡು ಮಾಡಿ, ತಮ್ಮ ಕಚೇರಿಯನ್ನು ಕೃಷ್ಣಗಿರಿಗೇ ವರ್ಗಾಯಿಸಬೇಕೆಂದು ಸರಕಾರಕ್ಕೆ ಅರ್ಜಿ ಹಾಕುವ ಯೋಚನೆ ಮಾಡಿದ್ದೆ. ಕೋರ್ಟು, ಕಚೇರಿ, ಮಾವಿನಹಣ್ಣಿನ ವ್ಯಾಪಾರ ಎಲ್ಲ ಅಲ್ಲಿರುವಾಗ ತಮ್ಮಂಥ ದೊಡ್ಡವರಿಗೆ ಈ ಹೊಸೂರು ಯಾಕೆ ಎಂಬ ಕಾಳಜಿಯೇ ಹೊರತು ಬೇರೇನಿಲ್ಲ.

ಇನ್ನು ದೂರಿಗೆ ಬರುತ್ತೇನೆ. ನೋವು ತಾಳಲಾರದೆ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದಾಗ, ಎಲುಬಿನ ಡಾಕ್ಟರು ತಮ್ಮ ಎಕ್ಸರೇಯನ್ನು ಬೆಳಕಿಗೆ ಹಿಡಿದು, ಕೀಲು ಸವೆದಿದೆ, ಆದರೆ ಪಾಪ, ಅವುಗಳ ತಪ್ಪೇನೂ ಇಲ್ಲ, ಮೇಲಿನ ಭಾರ ಹೊತ್ತು ಹೊತ್ತು ಹೀಗಾಗಿದೆ ಎಂದು ತಮ್ಮ ಪರವಾಗಿಯೇ ತೀರ್ಪು ಕೊಟ್ಟುಬಿಟ್ಟರು. ನಡೆದು ತೂಕ ಇಳಿಸಿ ಅಂದರು. ನಡೆಯಲು ತಾವು ಬಿಡಲಿಲ್ಲ. ನಡೆಯದೆ ತೂಕ ಇಳಿಯಲಿಲ್ಲ. ತೂಕ ಇಳಿಯದೆ ನಡೆಯಲಾಗಲಿಲ್ಲ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನುವ ಹಾಗಾಯಿತು. ಕೊನೆಗೆ ಇನ್ನೊಬ್ಬ ಡಾಕ್ಟರು ಮುಂದೆ ಬಂದು, ಹೊಟ್ಟೆಯ ಚೀಲವನ್ನು ಕತ್ತರಿಸಿ ಬಾಳೆಕಾಯಿಯಷ್ಟು ಮಾಡಿಬಿಡೋಣ, ತಿನ್ನುವುದೇ ಕಡಿಮೆಯಾದರೆ ತೂಕ ತಾನಾಗಿ ಇಳಿಯುತ್ತದೆ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅಂತ ಮಕ್ಕಳಿಗೆ ಗಾದೆ ವಿವರಿಸುವಾಗ ಉದಾಹರಣೆ ಸಿಗದೆ ಒದ್ದಾಡುತ್ತಿದ್ದೆ, ಈಗ ಆ ಚಿಂತೆಯಿಲ್ಲ. ತಪ್ಪು ಮಾಡಿದವರು ತಾವು, ಆಪರೇಷನ್ ಆದದ್ದು ಹೊಟ್ಟೆಗೆ. ಹುಟ್ಟಿದಾಗಿನಿಂದ ಹಾಕಿದ್ದನ್ನೆಲ್ಲ ಬೇಸರವಿಲ್ಲದೆ ಅರಗಿಸಿಕೊಂಡು, ಒಂದು ದಿನವೂ ಹುಳಿತೇಗನ್ನು ಸಹ ತೆಗೆಯದ ನನ್ನ ಬಂಗಾರದಂಥ ಹೊಟ್ಟೆ ಅದು.

ಆಪರೇಷನ್ ಆದ ಮೇಲೆ ಡಾಕ್ಟರು ಹಾಸಿಗೆಯ ಪಕ್ಕ ನಿಂತು, ನೋವಿನ ಮಾತ್ರೆಗಳನ್ನು ಇನ್ನು ಮುಟ್ಟುವ ಹಾಗಿಲ್ಲ, ಈ ಪುಟ್ಟ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಅಂದರು. ಅಂದರೆ, ತಮ್ಮ ಬಾಯಿ ಮುಚ್ಚಿಸಲು ನನ್ನ ಕೈಯಲ್ಲಿದ್ದ ಒಂದೇ ಒಂದು ಉಪಾಯವನ್ನೂ, ತಮ್ಮ ಸಲುವಾಗಿಯೇ ಮಾಡಿಸಿಕೊಂಡ ಆಪರೇಷನ್ನು ಕಿತ್ತುಕೊಂಡಿತು! ತಮ್ಮ ಈ ದೂರಾಲೋಚನೆಗೆ ಯಾವ ರಾಜಕಾರಣಿಯೂ ಸಾಟಿಯಲ್ಲ. ತೂಕವೇನೋ ಇಳಿಯಿತು. ರವಿಕೆಗಳೆಲ್ಲ ದಿಂಬಿನ ಚೀಲವಾದವು, ಪಕ್ಕದ ಮನೆಯ ತುಳಸಮ್ಮನವರು "ಶುಗರ್ರಾ?" ಎಂದು ಕೇಳಿ ಕೇಳಿ, ನಾನು ಇಲ್ಲವೆಂದಷ್ಟೂ ನಂಬದೆ ಹಾಗಲಕಾಯಿ ತಂದುಕೊಟ್ಟರು. ತಾವೂ ಒಂದಿಷ್ಟು ಸಡಿಲಗೊಂಡು, ಗೋಡೆ ಹಿಡಿದುಕೊಂಡರೆ ನೆಲದ ಮೇಲೆ ಕೂರಲು ಬಿಡುವಷ್ಟು ಉದಾರಿಗಳಾದಿರಿ. ಎದ್ದೇಳುವ ವಿಷಯವನ್ನು ಮಾತ್ರ ತಮ್ಮ ವಿವೇಚನೆಗೇ ಇಟ್ಟುಕೊಂಡಿರಿ.

ಆದರೆ ಆ ನೆಲದ ಮೇಲೆ ಕುಳಿತು ಉಣ್ಣಬೇಕಾದ್ದು ಏನನ್ನು? ಹೊಸ ಹೊಟ್ಟೆಗೆ ಆಸ್ಪತ್ರೆಯವರು ಹಾಕಿಕೊಟ್ಟ ಕಟ್ಟಳೆ ಏನೆಂದರೆ, ಪ್ರತಿ ತುತ್ತನ್ನೂ ಬಾಯಲ್ಲಿ ನೀರಾಗುವವರೆಗೂ ಅಗಿಯಬೇಕು. ರಾಗಿಮುದ್ದೆಯನ್ನು ಅಗಿಯುವುದುಂಟೇ ಮಾನ್ಯರೇ? ನಮ್ಮ ಸೀಮೆಯಲ್ಲಿ ಮುದ್ದೆ ಅಗಿಯುವ ಮಗುವಿನ ಬೆನ್ನಿಗೆ ಅಜ್ಜಿ ಒಂದು ಗುದ್ದಿ "ನುಂಗ್ಲಾ" ಅನ್ನುತ್ತಾಳೆ. ಸಾರಿನಲ್ಲಿ ಅದ್ದಿದ ತುತ್ತು ನಾಲಿಗೆಗೆ ಸೋಕಿತೋ ಇಲ್ಲವೋ ಅನ್ನುವುದರೊಳಗೆ ಗಂಟಲಿಳಿದಿರಬೇಕು. ಆಸ್ಪತ್ರೆಯ ಹುಡುಗಿಗೆ ಇದನ್ನು ವಿವರಿಸಿದೆ. ಪಾಪ, ಅವಳು ಚಪಾತಿಯ ಕಡೆಯವಳು, ಚೆನ್ನಾಗಿ ಅಗಿಯಿರಿ ಆಂಟಿ ಎಂದು ಮತ್ತೆ ಅದನ್ನೇ ಹೇಳಿದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಗಿದು ನೋಡಿದೆ. ಹಲ್ಲಿಗೆ ಹಲ್ಲು ಮೆತ್ತಿಕೊಂಡು, ಆ ದಿನವೆಲ್ಲ ನನಗೆ ಕನ್ನಡದ ಒತ್ತಕ್ಷರ ಹೊರಡಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನನಗೆ ನುಂಗಲು ಬರುತ್ತಿದ್ದಾಗ ಕೂರಲು ಬರುತ್ತಿರಲಿಲ್ಲ, ಕೂರಲು ಬಂದಾಗ ನುಂಗಲು ಬರದಾಯಿತು.

ಇಷ್ಟರಲ್ಲಿ ನನ್ನ ಒಬ್ಬಳೇ ಮಗಳು ಮೇಘಶ್ರೀಗೆ ಸೂಳಗಿರಿ ಹತ್ತಿರದ ಹಳ್ಳಿಯೊಂದರಿಂದ ಗಂಡು ಬಂತು. ಹುಡುಗ ಭೈರೇಶ್ ಒಳ್ಳೆಯವನು. ಅವನ ತಾಯಿ ಹನುಮಕ್ಕನವರನ್ನು ಕಂಡರೆ ಮಾತ್ರ ನನಗೆ ಎದೆ ಡವಡವ. ಬೆನ್ನು ನೆಟ್ಟಗೆ, ಮಾತು ನೆಟ್ಟಗೆ, ತಪ್ಪಲೆ ತುಂಬ ಮುದ್ದೆ ತೊಳಸಿ ಮೂರು ಪಂಕ್ತಿಗೆ ಒಬ್ಬರೇ ಬಡಿಸುವ ಗಟ್ಟಿಗಿತ್ತಿ ಎಂದು ಪ್ರಖ್ಯಾತರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಂಬಿರುವ ಜನ. ತಾಯಿಯ ಮಂಡಿ ಕೆಟ್ಟಿದೆ, ಹೊಟ್ಟೆ ಕೊಯ್ದಿದೆ ಎಂದು ತಿಳಿದರೆ ಮಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ, ಆ ಮನೆಯಲ್ಲಿ ಅವಳು ದಿನವೂ ಸಣ್ಣವಳಾಗಬೇಕಾಗುತ್ತದೆ ಎಂಬ ಭಯಕ್ಕೆ, ತಮ್ಮನ್ನೂ ಹೊಟ್ಟೆಯನ್ನೂ ಕೂಡಿಯೇ ಮುಚ್ಚಿಟ್ಟೆ. ಹೆಣ್ಣು ನೋಡುವ ದಿನ ನಾನು ನಡೆಯಲೇ ಇಲ್ಲ, ಬಂದವರೆಲ್ಲ ಹೋಗುವವರೆಗೆ ಅಡುಗೆಮನೆಯ ಬಾಗಿಲಿಗೆ ಒರಗಿ ಗಂಭೀರಳಾಗಿ ನಿಂತಿದ್ದೆ. ಟೀಚರಮ್ಮನಿಗೆ ಸ್ವಲ್ಪ ಜಂಬ ಅಂದುಕೊಂಡರಂತೆ.

ಮದುವೆ ಮುಗಿದು ಬೀಗರ ಊಟದ ದಿನ ಬಂತು. ಗಂಡಿನ ಮನೆಯಂಗಳದ ಚಪ್ಪರದಡಿ ಮೊದಲ ಪಂಕ್ತಿಯಲ್ಲಿ ಇಬ್ಬರು ಬೀಗಿತಿಯರು ಅಕ್ಕಪಕ್ಕ ನೆಲದ ಮೇಲೆ ಕೂರಬೇಕು, ಗಂಡಿನ ತಾಯಿ ಮೊದಲ ಮುದ್ದೆಯನ್ನು ತನ್ನ ಕೈಯಾರೆ ಹೆಣ್ಣಿನ ತಾಯಿಯ ಎಲೆಗೆ ಇಡಬೇಕು. ಅದು ಅವರ ಮನೆಯ ಪದ್ಧತಿ. ನಮ್ಮ ಯಜಮಾನರು ಬಸ್ಸಿನಲ್ಲೇ ಕಿವಿಯಲ್ಲಿ ಊದಿದ್ದರು: "ಏನಾದ್ರೂ ಮಾಡ್ಕೊ, ಮುದ್ದೆ ಮಾತ್ರ ಬ್ಯಾಡ ಅನ್ಬೇಡ ಕಣೇ. ಬೀಗರ ಊಟದಾಗೆ ಮುದ್ದೆ ಬ್ಯಾಡ ಅಂದ್ರೆ ನೆಂಟಸ್ತನಾನೇ ಬ್ಯಾಡ ಅಂದಂಗೆ." ತಮ್ಮನ್ನು ಮನಸ್ಸಿನಲ್ಲೇ ಬೇಡಿಕೊಂಡು ಕುಳಿತೆ. ಹನುಮಕ್ಕನವರೂ ಪಕ್ಕದಲ್ಲಿ ಬಂದು, ಒಂದು ಕ್ಷಣ ಕಣ್ಣು ಮುಚ್ಚಿ ಕುಳಿತರು. ದೇವರನ್ನು ನೆನೆದರೆಂದು ತಿಳಿದೆ. ಆಮೇಲೆ ನನ್ನ ಎಲೆಗೊಂದು ಮುದ್ದೆ ಇಟ್ಟರು. ಮುದ್ದೆಯೇ ಅದು? ನಮ್ಮ ಶಾಲೆಯ ಹುಡುಗರು ಅದನ್ನು ಕಂಡಿದ್ದರೆ ಫುಟ್‌ಬಾಲಿಗೆ ದುಡ್ಡು ಕೇಳುತ್ತಿರಲಿಲ್ಲ.

ನಾಟಿಕೋಳಿ ಸಾರಿನ ಘಮಕ್ಕೋ, ಇಡೀ ಪಂಕ್ತಿಯ ಕಣ್ಣು ನನ್ನ ಎಲೆಯ ಮೇಲಿದ್ದುದಕ್ಕೋ, ಆಸ್ಪತ್ರೆಯ ಕಟ್ಟಳೆ ಮರೆತೇಹೋಯಿತು. ನಿಂಬೆಗಾತ್ರದ ತುತ್ತು ಮುರಿದು, ಅದ್ದಿ, ಹುಟ್ಟಿನಿಂದ ಬಂದ ಅಭ್ಯಾಸದಂತೆ ಗುಳುಕ್ಕನೆ ನುಂಗಿದೆ. ಆಹಾ! ಇನ್ನೊಂದನ್ನೂ ನುಂಗಿದೆ. ಮೂರನೆಯದು ಎದೆಯ ನಡುಮಧ್ಯೆ ನಿಂತು, ಮೇಲಕ್ಕೂ ಬರಲೊಲ್ಲದು, ಕೆಳಕ್ಕೂ ಇಳಿಯಲೊಲ್ಲದು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಬಿಕ್ಕಳಿಕೆ. ಎದ್ದು ಹಿತ್ತಿಲಿಗೆ ಓಡಬೇಕು, ಮಾನ ಉಳಿಸಿಕೊಳ್ಳಬೇಕು, ಮಗಳ ಮುಖ ಉಳಿಸಬೇಕು. ನೆಲಕ್ಕೆ ಕೈಯೂರಿದೆ. ಆಗ ತಾವಿಬ್ಬರೂ, ಇಷ್ಟು ವರ್ಷ ಎಂದೂ ತೋರದಿದ್ದ ಒಗ್ಗಟ್ಟಿನಿಂದ, ಒಟ್ಟಿಗೆ ಹಿಡಿದುಕೊಂಡಿರಿ. ಥೂ ನಿಮ್ಮ! ಮನ್ನಿಸಬೇಕು, ಪತ್ರದಲ್ಲಿ ಹಾಗೆ ಬರೆಯಬಾರದು. ಆದರೆ ಅವತ್ತು ಅಂದದ್ದು ಇದಕ್ಕಿಂತ ಜೋರಾಗಿತ್ತು.

ಹನುಮಕ್ಕನವರು ಗಾಬರಿಯಿಂದ ಖಾಲಿ ಚೊಂಬೊಂದನ್ನು ನನ್ನ ಬಾಯಿಗೆ ಹಿಡಿದು, ಬೆನ್ನು ಸವರಿ, ಒಳಗಿಂದ ನೀರು ತರಲು ತಾವೂ ಏಳಹೋದರು. ಅರ್ಧಕ್ಕೆದ್ದು ದೊಪ್ಪನೆ ಕುಳಿತು, "ಅಯ್ಯಯ್ಯೋ, ಹಿಡ್ಕಂಬುಡ್ತು ಕಣಕ್ಕಾ ನನ್ ಮಂಡಿ!" ಎಂದು ಕೂಗಿದರು. ಅವರ ಮುಖವನ್ನು ನಾನೂ ನನ್ನ ಮುಖವನ್ನು ಅವರೂ ನೋಡಿಕೊಂಡೆವು. "ನಿಮ್ಗೂ ಐತಾ?" ಅಂದರು. ಆ ಹೊತ್ತಿಗೆ ಮುದ್ದೆ ಚೊಂಬು ಸೇರಿತ್ತಾದ್ದರಿಂದ, ಐತೆ ಅಂದೆ. ಮಂಡಿಯದನ್ನು ಹೇಳಿದೆ, ಹೊಟ್ಟೆಯದನ್ನೂ ಹೇಳಿದೆ, ಯಾಕೆ ಮುಚ್ಚಿಟ್ಟೆನೆಂಬುದನ್ನೂ ಹೇಳಿಬಿಟ್ಟೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. "ನಾನೂ ಮುಚ್ಚಿಟ್ಟಿದ್ದೆ ಕಣಕ್ಕಾ. ಅತ್ತೆ ಕಾಲು ಬಿದ್ದೋಗೈತೆ, ನಮ್ ಹುಡ್ಗಿ ಇವ್ಳ ಸೇವೆ ಮಾಡ್ಕಂಡೇ ಸಾಯ್ಬೇಕು ಅಂತ ನೀವು ಹೆಣ್ಣು ಕೊಡಾಕಿಲ್ಲ ಅಂದ್ರೆ? ಅದ್ಕೇ ಅವತ್ತು ನಿಮ್ಮನೇಗ್ ಬಂದಾಗ ಕುರ್ಚಿಯಿಂದ ಏಳ್ಲೇ ಇಲ್ಲ ನಾನು."

ಪಂಕ್ತಿ ಎದ್ದಿತು, ಎಲೆ ತೆಗೆದರು, ಎರಡನೆಯ ಪಂಕ್ತಿ ಕುಳಿತಿತು. ಬೀಗಿತಿಯರಿಬ್ಬರು ಮಾತ್ರ ಇದ್ದಲ್ಲೇ ಇದ್ದೆವು. ಎತ್ತಲು ಬಂದವರನ್ನು ಹನುಮಕ್ಕನವರು ಗದರಿ ಅಟ್ಟಿದರು. ಚಪ್ಪರದ ಕಂಬಕ್ಕೆ ಒರಗಿಕೊಂಡು, ಯಾವ ಎಣ್ಣೆ ತಮ್ಮಂಥವರಿಗೆ ಪ್ರಿಯ, ಯಾವ ಮೆಟ್ಟಿಲು ಪರಮ ಪಾಪಿ ಎಂದು ಹರಟುತ್ತಿದ್ದಾಗಲೇ ನಾನು ಕಂಡದ್ದು: ಎದುರಿನ ಸಾಲಿನಲ್ಲಿ ಕುಳಿತ ಮೇಘಶ್ರೀ, ಎರಡನೆಯ ಮುದ್ದೆ ಇಡಲು ಬಂದ ಮನೆಯ ಹಿರಿಯ ಹೆಂಗಸೊಬ್ಬರ ಮುಂದೆ ಎಲೆಗೆ ಕೈ ಅಡ್ಡ ಹಿಡಿದು, "ಸಾಕು" ಅಂದಳು. ಅವರು "ಹೊಸ ಸೊಸೆ ಹಂಗನ್ಬಾರ್ದು" ಎಂದು ಕೈ ಸರಿಸಹೋದರು.

ನಾನು ಮದುವೆಯಾಗಿ ಬಂದ ಮನೆಯಲ್ಲಿ ಆ ಪದವನ್ನು ಒಮ್ಮೆಯೂ ಆಡಿದವಳಲ್ಲ. ಎಲ್ಲರದ್ದೂ ಆದ ಮೇಲೆ ತಪ್ಪಲೆಯಲ್ಲಿ ಉಳಿದದ್ದನ್ನೆಲ್ಲ ಕೆಡಿಸಬಾರದೆಂದು ನನ್ನ ತಟ್ಟೆಗೆ ಬಳಿದು, "ನೀನೇ ಮುಗಿಸ್ಬುಡು" ಅನ್ನುತ್ತಿದ್ದರು ನಮ್ಮತ್ತೆ ಪಾಪಮ್ಮನವರು; ಮುಗಿಸುತ್ತಿದ್ದೆ. ವರ್ಷವರ್ಷವೂ ಮುಗಿಸಿದೆ, ತಾವು ಹೊತ್ತಿರಿ. ಈಗ ಮಗಳ ಎಲೆಯ ಮುಂದೆ ಅದೇ ಕೈ, ಅದೇ ಮುದ್ದೆ. ನಾನೇನಾದರೂ ಅನ್ನೋಣವೆಂದರೆ ಬಾಯಿ ಬರಲಿಲ್ಲ.

ಬಂದದ್ದು ಪಕ್ಕದಲ್ಲೇ ಕಂಬಕ್ಕೊರಗಿದ್ದ ಹನುಮಕ್ಕನವರಿಂದ. "ಏ, ಸಾಕು ಅಂದ್ಲಲ್ಲ, ಕಿವಿ ಕೇಳಾಕಿಲ್ವಾ? ಎತ್ತು ಅದ್ನ! ಈ ಮನೇಲಿ ಸಾಕು ಅಂದ್ರೆ ಸಾಕು." ಮುದ್ದೆ ಪುಟ್ಟಿಗೆ ವಾಪಸಾಯಿತು. ನನ್ನ ಮಗಳು ತಲೆ ತಗ್ಗಿಸಿ ತನ್ನ ಪಾಡಿಗೆ ಸಾರನ್ನ ಉಂಡಳು. ನಾನು ಗಳಗಳನೆ ಅತ್ತೆ, ಕೇಳಿದವರಿಗೆ ಗಂಟಲಲ್ಲಿ ಇನ್ನೂ ಮುದ್ದೆ ಸಿಕ್ಕಿದೆಯೆಂದೆ.

ಆದುದರಿಂದ ಮಾನ್ಯರೇ, ತಾವು ಅವತ್ತು ನನ್ನನ್ನು ಏಳಲು ಬಿಟ್ಟಿದ್ದರೆ, ನಾನು ಹಿತ್ತಿಲಲ್ಲಿರುತ್ತಿದ್ದೆ, ಈ ಮಾತನ್ನು ಕೇಳದೆ ಊರಿಗೆ ವಾಪಸಾಗಿ, ಇವತ್ತಿಗೂ ಮಗಳ ಚಿಂತೆಯಲ್ಲಿ ನಿದ್ದೆ ಕೆಡುತ್ತಿದ್ದೆ ಎಂಬುದನ್ನು ಹಲ್ಲು ಕಚ್ಚಿಕೊಂಡು ಒಪ್ಪಿಕೊಳ್ಳುತ್ತೇನೆ. ನನ್ನ ದೂರುಗಳಲ್ಲಿ ಆ ಒಂದನ್ನು ಮಾತ್ರ ಹಿಂದಕ್ಕೆ ಪಡೆದಿದ್ದೇನೆ. ಉಳಿದವಕ್ಕೆ ಪರಿಹಾರವಾಗಿ, ತಮ್ಮ ಹುದ್ದೆಯನ್ನು ವಂಶಪಾರಂಪರ್ಯವಾಗಿ ಮಗಳ ಕಾಲಿಗೆ ದಾಟಿಸದೆ, ನನ್ನಲ್ಲೇ ನಿವೃತ್ತರಾಗಬೇಕೆಂದು ಕೋರುತ್ತೇನೆ.

ಪ್ರತಿ ಬೆಳಗ್ಗೆ ತಮ್ಮನ್ನು ನಂಬಿ ಮಂಚದಿಂದ ಇಳಿದು, ಪ್ರತಿ ಬೆಳಗ್ಗೆ ಮೋಸಹೋಗುವ,
ತಮ್ಮ ವಿಶ್ವಾಸಿ,
ರುಕ್ಮಿಣಮ್ಮ

ಮರೆತ ಮಾತು: ಬರುವ ಭಾನುವಾರ ಹನುಮಕ್ಕನವರು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ, ಕೈಯಿರುವ ಎರಡು ಕುರ್ಚಿ ತಂದಿರಿಸಿದ್ದೇನೆ. ಇದು ತಮ್ಮ ಸೌಕರ್ಯಕ್ಕೆಂದು ಭ್ರಮಿಸಬೇಡಿ. ತಮ್ಮ ನಾಲ್ವರ ಚಾಡಿ ಹೇಳಿ ಮುಗಿಸಲು ಅವತ್ತು ಹೊತ್ತು ಸಾಲಲಿಲ್ಲ, ಅಷ್ಟೇ.