ಹನ್ನೆರಡು ಜೀವ ಮತ್ತು ನಮ್ಮ ಯಜಮಾನರು

ಸಾವಿನ ಮಾತು ಹಿಡಿದುಕೊಂಡು ಮನೆ ಮನೆ ಸುತ್ತುವವರಿಗೆ ಅಳು ಬರಬೇಕು. ನನಗೆ ಮಾತ್ರ ಹೋದ ಕಡೆಯೆಲ್ಲ ನಗುವೇ ಕಾದು ಕೂತಿರುತ್ತಿತ್ತು. ಈಗಲೂ ಯಾರಾದರೂ ವಿಮೆ ಅಂದರೆ ಸಾಕು, ನನಗೆ ಸೆರಗು ಬಾಯಿಗೆ ಅಡ್ಡ ಬರುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯನಗರದಲ್ಲಿ ನಮ್ಮದು ಬಾಡಿಗೆ ಮನೆ. ಹಿತ್ತಲಿನಾಚೆ ಹೊಸಹಳ್ಳಿಯವರ ರಾಗಿ ಹೊಲ ಇನ್ನೂ ಇತ್ತು. ನಮ್ಮ ಯಜಮಾನರು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಸರ್ಕಾರಿ ನೌಕರರು ಬೇರೆ ವ್ಯವಹಾರ ಮಾಡುವಂತಿಲ್ಲವಲ್ಲ, ಹಾಗಾಗಿ ಅವರ ಆಫೀಸಿನಲ್ಲಿ ಅರ್ಧಕ್ಕರ್ಧ ಜನರ ಹೆಂಡತಿಯರು ವಿಮೆ ಏಜೆಂಟರಾಗಿದ್ದರು. ನಾನೂ ಹಾಗೇ ಒಂದು ದಿನ ಬೆಳಿಗ್ಗೆ ಅಕ್ಕಿ ಆರಿಸುತ್ತಾ ಕೂತಿದ್ದವಳು ಏಜೆಂಟಳಾಗಿಬಿಟ್ಟೆ. ಹೆಸರು ನನ್ನದು, ಸೈಕಲ್ಲು ಮತ್ತು ಬಾಯಿ ಅವರದು. ತೋರಿಸಿದ ಕಡೆ ಸಹಿ ಹಾಕುವುದಷ್ಟೇ ನನ್ನ ಕೆಲಸ. ವರ್ಷಕ್ಕೆ ಕಡಿಮೆಯೆಂದರೆ ಹನ್ನೆರಡು ಜೀವಗಳಿಗೆ ವಿಮೆ ಮಾಡಿಸಬೇಕು, ಇಲ್ಲದಿದ್ದರೆ ಮಾರ್ಚಿಗೆ ಏಜೆನ್ಸಿ ರದ್ದು ಅಂತ ಮೊದಲೇ ಹೇಳಿದ್ದರು. ವಿಮೆಯವರ ಭಾಷೆಯಲ್ಲಿ ಮನುಷ್ಯರಿಲ್ಲ, ಬರೀ ಜೀವಗಳು.

ಘಾಟು ಬಾರದ ಮೆಣಸಿನಕಾಯಿ

ನಮ್ಮವರು ಒಳ್ಳೆಯವರು. ಆದರೆ ಎಲ್ಲಿ ಏನು ಮಾತಾಡಬೇಕು ಅನ್ನುವುದು ಅವರಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ. ಪಕ್ಕದ ಬೀದಿಯಲ್ಲೊಂದು ಗೃಹಪ್ರವೇಶ. ಹೋಳಿಗೆ ಊಟ ಮುಗಿಸಿ, ಎಲೆಅಡಿಕೆ ಮೆಲ್ಲುತ್ತಾ ಮನೆಯ ಯಜಮಾನನ ಹೆಗಲ ಮೇಲೆ ಕೈ ಹಾಕಿ, "ಮನೆ ಭರ್ಜರಿಯಾಗಿದೆ ಸಾರ್. ನಾಳೆ ಬೆಳಿಗ್ಗೆ ನೀವೇ ಇಲ್ಲ ಅಂತ ಇಟ್ಕೊಳ್ಳಿ, ಇದನ್ನೆಲ್ಲ ಯಾರು ನೋಡ್ಕೋತಾರೆ?" ಅಂದುಬಿಟ್ಟರು.

ಆತನ ತಾಯಿ ಅಲ್ಲೇ ಕೂತಿದ್ದರು. ಎದ್ದು ಒಳಗೆ ಹೋಗಿ, ಹಿಡಿ ಉಪ್ಪು ಮೆಣಸಿನಕಾಯಿ ತಂದು ಮಗನಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬಂದರೆ ಏನೂ ಇಲ್ಲ, ಬರದಿದ್ದರೆ ದೃಷ್ಟಿ ತಗುಲಿದೆ ಅಂತ ಲೆಕ್ಕ. ನಮ್ಮವರ ಗ್ರಹಚಾರಕ್ಕೆ ಒಂದೇ ಒಂದು ಕೆಮ್ಮೂ ಬರಲಿಲ್ಲ.

"ನೋಡಿದ್ರೇನ್ರೋ! ಘಾಟೇ ಇಲ್ಲ! ಎಂಥಾ ಕಣ್ಣು ಈ ಮನುಷ್ಯಂದು!" ಅಂತ ಮುದುಕಿ ಕೂಗಿದರು. ನೂರು ಜನ ಒಟ್ಟಿಗೆ ತಿರುಗಿ ನಮ್ಮವರನ್ನು ನೋಡಿದರು. ಅವತ್ತಿನಿಂದ ಆ ಬೀದಿಯಲ್ಲಿ ಮಕ್ಕಳಿಗೆ ಜಗಲಿ ಮೇಲೆ ಅನ್ನ ತಿನ್ನಿಸುವ ತಾಯಂದಿರು ನಮ್ಮವರ ಸೈಕಲ್ ಬೆಲ್ಲು ಕೇಳಿದರೆ ಸಾಕು, ತಟ್ಟೆ ಸಮೇತ ಒಳಗೆ ಓಡುತ್ತಿದ್ದರು.

ಕಾವಲುಗಾರನ ಕೂಲಿ

ದೀಪಾವಳಿ ಕಳೆದರೂ ಸಿಕ್ಕಿದ್ದು ನಾಲ್ಕೇ ಜೀವ, ಅದೂ ನಮ್ಮವರ ಆಫೀಸಿನ ದಾಕ್ಷಿಣ್ಯಕ್ಕೆ. "ನೀವು ಸುಮ್ಮನಿರಿ, ನಾನೇ ಹೋಗ್ತೀನಿ" ಅಂತ ಹೇಳಿ ನಾನು ಚಪ್ಪಲಿ ಮೆಟ್ಟಿದೆ.

ಹೋದ ಮನೆಯಲ್ಲೆಲ್ಲ ಮೊದಲ ಪ್ರಶ್ನೆ ಒಂದೇ. "ನಿಮ್ಮ ಯಜಮಾನ್ರಿಗೆ ಮಾಡ್ಸಿದೀರಾಮ್ಮ?" ನಾನು ಕೆಮ್ಮಿ, ನೀರು ಕೇಳಿ ಕುಡಿದು, ಮಾತು ಬದಲಾಯಿಸುತ್ತಿದ್ದೆ. ಮಾಡಿಸಿರಲಿಲ್ಲ. ನಮ್ಮ ಬೀದಿಯ ಜೋಯಿಸರು ಅವರಿಗೆ ಎಂಬತ್ತನಾಲ್ಕು ವರ್ಷ ಆಯುಸ್ಸು ಅಂತ ಬರೆದುಕೊಟ್ಟಿದ್ದರು. "ಎಂಬತ್ತನಾಲ್ಕರ ತನಕ ಯಮನೇ ನನ್ನ ಮುಟ್ಟಲ್ಲ. ನಿಂಗ್ಯಾಕೆ ಅವಸರ?" ಅನ್ನುತ್ತಿದ್ದರು ನಮ್ಮವರು.

ನನಗಿದ್ದದ್ದು ಅವಸರವಲ್ಲ, ಭಯ. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪ ಹೋಗಿಬಿಟ್ಟರು. ಅಮ್ಮ ಕಂಡವರ ಮನೆಗೆ ಹಪ್ಪಳ ಲಟ್ಟಿಸಿ ನಮ್ಮನ್ನು ಬೆಳೆಸಿದಳು. ನನ್ನ ಇಬ್ಬರು ಹೆಣ್ಣುಮಕ್ಕಳು ಜಡೆ ಹಾಕಿಸಿಕೊಳ್ಳಲು ಮುಂದೆ ಬಂದು ಕೂತಾಗೆಲ್ಲ ಆ ಹಪ್ಪಳದ ಮಣೆ ಕಣ್ಣಿಗೆ ಕಟ್ಟುತ್ತಿತ್ತು. ಏಜೆನ್ಸಿ ಹೋದರೆ ಹೋಗಲಿ, ಇವರೊಬ್ಬರು ಸಹಿ ಹಾಕಿದರೆ ಸಾಕು ಅಂತ ದೇವರಿಗೆ ದಿನಾ ಹೇಳಿಕೊಳ್ಳುತ್ತಿದ್ದೆ.

ಇರಲಿ. ಮೊದಲು ಹೋದದ್ದು ಹೊಸಹಳ್ಳಿಯ ಹಿಟ್ಟಿನ ಗಿರಣಿಗೆ. ಗಿರಣಿಯ ಗೌಡರಿಗೆ ಕಡಿಮೆ ಕಂತಿನ ಒಂದು ವಿಮೆ ವಿವರಿಸಿದೆ. ಇಷ್ಟು ವರ್ಷದೊಳಗೆ ಕಟ್ಟಿದವರು ತೀರಿಕೊಂಡರೆ ಮನೆಯವರಿಗೆ ದೊಡ್ಡ ಗಂಟು ಬರುತ್ತದೆ, ಬದುಕಿ ಉಳಿದರೆ ಏನೂ ಬರುವುದಿಲ್ಲ.

ಗೌಡರು ಗಿರಣಿಯ ಬೆಲ್ಟು ನಿಲ್ಲಿಸಿದರು. "ಅಂದ್ರೆ ನಾನು ಬದುಕಿದ್ರೆ ಕಟ್ಟಿದ್ದೆಲ್ಲ ದಂಡವಾ? ಬದುಕಿದ್ದಕ್ಕೇ ನಂಗೆ ದಂಡ ಹಾಕ್ತೀರೇನವ್ವಾ?"

"ಗೌಡ್ರೇ, ಹೊಲ ಕಾಯೋಕೆ ಆಳು ಇಟ್ಟಿದ್ರಲ್ಲ. ಕಳ್ಳ ಬರಲೇ ಇಲ್ಲ. ಹಾಗಂತ ಕಾವಲುಗಾರನ ಹತ್ರ ಕೂಲಿ ವಾಪಸ್ ಕೇಳಿದ್ರಾ?" ಅಂದೆ. ಎಂಥಾ ಮಾತು ಹೊಳೆಯಿತು ಅಂತ ನನಗೇ ಹೆಮ್ಮೆಯಾಯಿತು.

ಗೌಡರು ಮೀಸೆ ಮೇಲಿನ ಹಿಟ್ಟು ಒರೆಸಿಕೊಂಡು, "ಕೇಳಿದ್ದೆ. ಕೊಡ್ಲಿಲ್ಲ ಬಡ್ಡೀಮಗ" ಅಂದರು.

ಮೂಲೆಯಲ್ಲಿ ರಾಗಿ ಕೇರುತ್ತಿದ್ದ ಗೌಡತಿ ಮೊರ ಕೆಳಗಿಟ್ಟು ಎದ್ದು ಬಂದರು. "ಅವರಿಗೂ ಬರೀರಿ, ಅವರ ತಮ್ಮನಿಗೂ ಬರೀರಿ. ಅಣ್ಣತಮ್ಮಂದಿರಿಬ್ಬರೂ ಒಂದೇ ಗಾಡೀಲಿ ಕುಡಿದು ಬರ್ತಾರೆ." ಒಂದೇ ಏಟಿಗೆ ಎರಡು ಜೀವ. ಅಲ್ಲಿಗೆ ಆರಾಯಿತು.

ಡಾಕ್ಟರು ನೋಡಿದ ವರ

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ಮೇಷ್ಟ್ರಿದ್ದರು. ಅವರೇ ಹೇಳಿಕಳಿಸಿದರು. ಹೋದರೆ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ನಮ್ಮ ಹುಡುಗಿಗೆ ಒಂದು ಸಂಬಂಧ ಬಂದಿದೆ ಕಣಮ್ಮ. ಹುಡುಗ ರಾಜಾಜಿನಗರದ ಕಾರ್ಖಾನೇಲಿ ಲೇತ್ ಕೆಲಸ. ಜೋಯಿಸರು ಜಾತಕ ಕೂಡಿಸಿದಾರೆ. ಆದ್ರೆ ಜಾತಕದಲ್ಲಿ ಪುಪ್ಪುಸ ಕಾಣಲ್ವಲ್ಲ! ನೀನು ಹೇಗಾದ್ರೂ ಮಾಡಿ ಅವನಿಗೊಂದು ಪಾಲಿಸಿ ಮಾಡ್ಸು. ನಿಮ್ಮ ಡಾಕ್ಟರು ಪಾಸು ಮಾಡಿದ್ರೆ ಮದುವೆ, ಫೇಲು ಮಾಡಿದ್ರೆ ಜಾತಕ ಸರಿಹೋಗಲಿಲ್ಲ ಅಂತ ಹೇಳಿಬಿಡ್ತೀನಿ" ಅಂದರು.

ವಿಮೆಗೆ ಮುಂಚೆ ಡಾಕ್ಟರು ತೂಕ, ಎದೆ, ರಕ್ತದ ಒತ್ತಡ ಎಲ್ಲ ನೋಡುತ್ತಿದ್ದರು. ಅದನ್ನು ವರಪರೀಕ್ಷೆಗೆ ಬಳಸಬಹುದು ಅಂತ ವಿಮೆ ಕಂಡುಹಿಡಿದವನಿಗೂ ಹೊಳೆದಿರಲಾರದು.

ಪಾಪ, ಹುಡುಗನಿಗೆ ಇದೇನೂ ಗೊತ್ತಿಲ್ಲ. ಪಾಸಾದ. ಅವನ ಮನೆಯಲ್ಲಿ ಕೂತು ಅರ್ಜಿ ತುಂಬುವಾಗ, "ಹಣ ಯಾರಿಗೆ ಸೇರಬೇಕು ಅಂತ ಬರೀಲಿ?" ಅಂದ.

"ಸದ್ಯಕ್ಕೆ ಅಮ್ಮನ ಹೆಸರು ಬರೀರಿ. ಮದುವೆ ಆದ್ಮೇಲೆ ಬದಲಾಯಿಸಬಹುದು" ಅಂದೆ.

ಒಳಗಿನಿಂದ ಅವನ ತಾಯಿ ಸೌಟು ಸಮೇತ ಬಂದರು. "ಏನಂದ್ರಿ? ಬದಲಾಯಿಸೋದಾ? ಇನ್ನೂ ಹೊಸ್ತಿಲೇ ತುಳಿದಿಲ್ಲ, ಆಗ್ಲೇ ನನ್ನ ಹೆಸರು ಅಳಿಸೋಕೆ ಕೂತಿದಾಳಾ ಅವಳು?"

ಸಮಾಧಾನ ಮಾಡಲು ಹೋಗಿ ನನ್ನ ಬಾಯಿಂದ ನಿಜ ಜಾರಿಬಿಟ್ಟಿತು. ಮೇಷ್ಟ್ರ ಉಪಾಯ ತಿಳಿದದ್ದೇ ಆಕೆಯ ಕಣ್ಣು ಕೆಂಪಾಯಿತು. "ಓಹೋ, ನಮ್ಮ ಮಗನ್ನ ಸಂತೇಲಿ ಎತ್ತು ನೋಡಿದ ಹಾಗೆ ನೋಡ್ಸಿದ್ರಾ? ಹಾಗಾದ್ರೆ ಹುಡುಗಿಗೂ ಮಾಡ್ಸಿ. ಸ್ಕೂಲ್ ಟೀಚರ್ ತಾನೇ, ಸಂಬಳ ಬರುತ್ತಲ್ಲ. ಅವರಪ್ಪನಿಗೂ ಮಾಡ್ಸಿ. ಅವರ ವಂಶದ ಪುಪ್ಪುಸವೂ ನೋಡೋಣ!"

ಹುಡುಗಿ ಪಾಸು. ಮೇಷ್ಟ್ರು ಕೂಡ ಪಾಸು. ನಾವೇನು ಕಡಿಮೆ ಅಂತ ಹುಡುಗನ ತಂದೆಯೂ ಅಂಗಿ ಬಿಚ್ಚಿ ಡಾಕ್ಟರ ಮುಂದೆ ನಿಂತರು. ಹತ್ತು ಜೀವ ಆಯಿತು. ಮದುವೆ ಮನೆಯಲ್ಲಿ ಜಾತಕ ಕೂಡಿಸಿದ ಜೋಯಿಸರು ನನ್ನನ್ನು ಕಂಡು, "ಏನಮ್ಮಾ, ನವಗ್ರಹ ಎಲ್ಲಾ ನಾನು ನೋಡಿದ್ದು. ಕೊನೆಗೆ ಲಗ್ನ ನಿಶ್ಚಯ ಮಾಡಿದ್ದು ನಿಮ್ಮ ಡಾಕ್ಟರ ತಕ್ಕಡಿ!" ಅಂದರು.

ಜೋಯಿಸರ ಆಯುಸ್ಸು

ಇದಾಗಿ ಒಂದು ವಾರಕ್ಕೆ ಅದೇ ಜೋಯಿಸರು, ನಮ್ಮವರಿಗೆ ಎಂಬತ್ತನಾಲ್ಕು ದಯಪಾಲಿಸಿದ ಪುಣ್ಯಾತ್ಮರು, ನಮ್ಮ ಹಿತ್ತಲ ಬಾಗಿಲು ತಟ್ಟಿದರು. ನಮ್ಮವರು ಆಫೀಸಿಗೆ ಹೋಗಿದ್ದ ಹೊತ್ತು.

"ಯಾರಿಗೂ ಹೇಳ್ಬೇಡಮ್ಮ. ನಂಗೂ ಆ ಗೌಡರಿಗೆ ಮಾಡ್ಸಿದ್ಯಲ್ಲ, ಅಂಥದ್ದೊಂದು ಮಾಡ್ಸು."

"ನಿಮಗ್ಯಾಕೆ ಸ್ವಾಮಿ? ನಿಮ್ಮ ಆಯುಸ್ಸು ನಿಮಗೇ ಗೊತ್ತಲ್ಲ?"

"ಗೊತ್ತು. ಎಂಬತ್ತಾರು" ಅಂತ ಶಾಂತವಾಗಿ ಹೇಳಿದರು. "ಆದ್ರೆ ಅದು ನಂಗೆ ಗೊತ್ತು. ಮಾಗಡಿ ರೋಡಲ್ಲಿ ಲಾರಿ ಓಡ್ಸೋನಿಗೆ ಗೊತ್ತಿರಬೇಕಲ್ಲಮ್ಮ."

ರಾಹುಕಾಲ ಕಳೆಯುವ ತನಕ ಕೂತು, ಎರಡು ಲೋಟ ಕಾಫಿ ಕುಡಿದು, ಪೂರ್ವಕ್ಕೆ ಮುಖ ಮಾಡಿ ಸಹಿ ಹಾಕಿದರು. ಹನ್ನೊಂದು ಜೀವ! ಯಾರಿಗೂ ಹೇಳಬೇಡ ಅಂದಿದ್ದರು, ನಿಜ. ಗಂಡನಿಗೆ ಹೇಳಿದರೆ ಹೇಳಿದಂತಲ್ಲ ಅಂತ ನನ್ನ ಮನಸ್ಸಿಗೆ ನಾನೇ ತೀರ್ಪು ಕೊಟ್ಟುಕೊಂಡೆ. ಸಂಜೆ ನಮ್ಮವರು ಸೈಕಲ್ ಸ್ಟ್ಯಾಂಡ್ ಹಾಕುವುದಕ್ಕೂ ಬಿಡದೆ, "ರೀ, ನಿಮ್ಮ ಜೋಯಿಸರೇ ವಿಮೆ ಮಾಡ್ಸಿದ್ರು! ಈಗೇನಂತೀರಾ?" ಅಂದೆ.

ನಮ್ಮವರು ಸಾವಕಾಶವಾಗಿ ಪ್ಯಾಂಟಿನ ಕ್ಲಿಪ್ಪು ತೆಗೆದರು. "ಅಂದ್ರೆ ಅವರಿಗೆ ಅವರ ಜಾತಕದ ಮೇಲೆ ನಂಬಿಕೆ ಇಲ್ಲ ಅಂತ ಆಯ್ತು. ನಂದರ ಮೇಲೆ ಇದೆಯೋ ಇಲ್ವೋ ಅಂತ ಕೇಳಿದ್ಯಾ?"

ಹನ್ನೆರಡನೆಯ ಜೀವ

ಮಾರ್ಚ್ ಬಂತು. ಕೊನೆಯ ವಾರವೂ ಬಂತು. ಹನ್ನೊಂದಕ್ಕೇ ನಿಂತಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅರ್ಜಿಯನ್ನು ಅವರ ತಟ್ಟೆಯ ಪಕ್ಕ ಇಟ್ಟೆ.

"ಅನ್ನ ಬಡ್ಸೋವಾಗ ಸಾವಿನ ಕಾಗದ ಇಡ್ತೀಯಲ್ಲೇ! ನಾನು ಇರೋದು ಬೇಡ್ವಾ ನಿಂಗೆ?"

ನನಗೆ ತಡೆಯಲಾಗಲಿಲ್ಲ. "ನೀವು ಇರೋದು ಬೇಕು ಅಂತಾನೇ ದಿನಾ ದೇವರಿಗೆ ಕೈ ಮುಗೀತೀನಿ. ನಮ್ಮಪ್ಪನೂ ಇರ್ತೀನಿ ಅಂತಾನೇ ಅಂದ್ಕೊಂಡಿದ್ರು. ನಮ್ಮಮ್ಮ ಲಟ್ಟಿಸಿದ ಹಪ್ಪಳ ನೀವು ಮದುವೇಲಿ ಹತ್ತು ತಿಂದ್ರಿ. ಅದನ್ನ ಯಾಕೆ ಕಲಿತಳು ಅಂತ ಒಂದು ದಿನಾನಾದ್ರೂ ಕೇಳಿದ್ರಾ?" ಅಂದೆ. ಅತ್ತೂ ಬಿಟ್ಟೆ. ಮಕ್ಕಳಿಬ್ಬರೂ ಕೈಯಲ್ಲಿ ತುತ್ತು ಹಿಡಿದು ನೋಡುತ್ತಾ ಕೂತರು. ನಮ್ಮವರು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದು ಕೈ ತೊಳೆದು ಸೈಕಲ್ ಹತ್ತಿ ಹೊರಟುಹೋದರು.

ಮೂರು ದಿನದ ಮೇಲೆ ತರಕಾರಿ ತರಲು ಹೋದವಳಿಗೆ ರಾಜಾಜಿನಗರದ ಒಬ್ಬ ಏಜೆಂಟರು ಸಿಕ್ಕಿದರು. ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿ ಪಳಗಿದ ಹುಲಿ. ಬದನೇಕಾಯಿ ಆರಿಸುತ್ತಿದ್ದವರು ನನ್ನನ್ನು ನೋಡಿ ಕಿಸಕ್ಕನೆ ನಕ್ಕರು. "ಮೇಡಂ, ನಿಮ್ಮ ಯಜಮಾನ್ರು ಎಲ್ಲಾ ಪಾಸು. ಎದೆ ಕಲ್ಲಿನ ಹಾಗಿದೆಯಂತೆ, ಡಾಕ್ಟರು ಹೇಳಿದ್ರು."

"ಯಾವ ಡಾಕ್ಟರು? ಏನು ಪಾಸು?"

"ಭಾನುವಾರ ನಮ್ಮನೆಗೆ ಬಂದು ಪಾಲಿಸಿಗೆ ಸಹಿ ಹಾಕಿದ್ರಲ್ಲ! ನಿಮ್ಮ ಹೆಸರಿಗೇ ಬರೆಸಿದಾರೆ. ನಿಮಗೆ ಹೇಳ್ಬೇಡಿ ಅಂದ್ರು. ಅದಕ್ಕೇ ಹೇಳ್ತಾ ಇದೀನಿ."

ನಾನು ಅಲ್ಲೇ ಟೊಮೇಟೊ ಬುಟ್ಟಿಯ ಪಕ್ಕ ಕಣ್ಣೊರೆಸಿಕೊಂಡೆ. ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಹತ್ತು ಹೆಜ್ಜೆ ನಡೆದ ಮೇಲೆ ಬುದ್ಧಿ ಬಂತು. ಮನೆಗೆ ಓಡಿದೆ.

"ರೀ, ಮಾಡ್ಸಿದ್ದು ಸಂತೋಷ. ಆದ್ರೆ ಮನೇಲಿ ಏಜೆಂಟು ಇಟ್ಕೊಂಡು ರಾಜಾಜಿನಗರಕ್ಕೆ ಯಾಕೆ ಹೋದ್ರಿ?"

ನಮ್ಮವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು, "ನಿನ್ನ ಮುಂದೆ ಸಹಿ ಹಾಕಿದ್ರೆ ಸೋತ ಹಾಗೆ. ಅವನ ಮುಂದೆ ಹಾಕಿದ್ರೆ ಬರೀ ವಿಮೆ" ಅಂದರು.

"ಹನ್ನೆರಡನೇ ಜೀವ ಅವರ ಪಾಲಾಯ್ತಲ್ಲ! ನಾಡಿದ್ದು ಮಾರ್ಚ್ ಮುಗಿಯುತ್ತೆ!"

ಪೇಪರು ನಿಧಾನವಾಗಿ ಕೆಳಗಿಳಿಯಿತು. ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಈ ಲೆಕ್ಕ ಅವರ ತಲೆಗೆ ಹೋಗಿರಲೇ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಅರ್ಜಿ ಹಿಡಿದು ರಾಜಾಜಿನಗರದ ಅವರ ಮನೆಗೇ ಹೋದೆ, ಯಾರಾದರೂ ಒಬ್ಬ ಗಿರಾಕಿಯನ್ನು ಬಿಟ್ಟುಕೊಡಿ ಅಂತ ಬೇಡಿಕೊಳ್ಳಲು. ಹುಲಿ ಬನಿಯನ್ನಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿತ್ತು. ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ವ್ಯವಹಾರ ಅಂದ್ರೆ ವ್ಯವಹಾರ ಮೇಡಂ" ಅಂತಲೂ ಅಂದಿತು.

ಅವರ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಅವರಿಗೆ ಒಂದು ಜೀವ ತಾನೇ ಬೇಕು? ಇಲ್ಲೇ ಕೂತಿದೆಯಲ್ಲ, ಉಪ್ಪಿಟ್ಟು ತಿನ್ನುತ್ತಾ" ಅಂದರು.

ಹುಲಿಗೆ ಉಪ್ಪಿಟ್ಟು ಗಂಟಲಲ್ಲಿ ಸಿಕ್ಕಿಕೊಂಡಿತು. ಅವರಿಗೂ ಪಾಲಿಸಿ ಇರಲಿಲ್ಲ! "ನಂದು ನಾನೇ ಬರ್ಕೋತೀನಿ ಕಣೇ. ಇವರಿಗ್ಯಾಕೆ ಕೊಡ್ಲಿ?"

"ಹದಿನೈದು ವರ್ಷದಿಂದ ಬರ್ಕೋತೀನಿ ಅಂತಾನೇ ಇದೀರಿ. ಊರಿನ ಹೆಂಗಸರಿಗೆಲ್ಲ ದಾರಿ ಮಾಡಿಕೊಟ್ರಿ, ನಂಗೆ ಸಿಕ್ಕಿದ್ದು ಉಪ್ಪಿಟ್ಟು ಒಂದೇ, ಅದೂ ನಾನೇ ಮಾಡಿದ್ದು." ಆಕೆ ತಟ್ಟೆ ಎತ್ತಿ ಪೆನ್ನು ಇಟ್ಟರು. "ಅವರ ಮನೆಯವರನ್ನ ನೀವು ತಗೊಂಡ್ರಿ. ನಮ್ಮನೆಯವರನ್ನ ನಾನು ಅವರಿಗೆ ಕೊಡ್ತೀನಿ. ಕೊಟ್ಟು ತಂದ ಸಂಬಂಧ ಯಾವತ್ತೂ ಗಟ್ಟಿ."

ಹೆಂಡತಿಯ ಮುಖವನ್ನೂ ತಟ್ಟೆಯನ್ನೂ ಒಮ್ಮೆ ನೋಡಿ ಹುಲಿ ಸಹಿ ಹಾಕಿತು. ಆಕೆ ನನಗೆ ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ ಮಡಿಲಿಗೆ ಹಾಕಿ, "ಡಾಕ್ಟರ ಹತ್ರ ಇವತ್ತೇ ಕರ್ಕೊಂಡು ಹೋಗಿ, ಮನಸ್ಸು ಬದಲಾಗೋಕೆ ಮುಂಚೆ" ಅಂತ ಗಂಡನನ್ನು ನನ್ನ ಹಿಂದೆ ಕಳಿಸಿಕೊಟ್ಟರು.

ಚಪ್ಪಲಿ ಹುಡುಕುತ್ತಾ ಆ ಮನುಷ್ಯ ಗೊಣಗಿದ್ದು ಬೀದಿಗೆಲ್ಲ ಕೇಳಿಸಿತು. "ಇಷ್ಟೆಲ್ಲ ಮಾಡಿದೆ, ಹಣೆಗೊಂದು ಬಾಸಿಂಗ ಕಟ್ಟೋದು ಯಾಕೆ ಬಿಟ್ಟೆ?"