ಓದು ಬಾರದ ಅಭಿಮಾನಿ

ಒಬ್ಬ ಲೇಖಕರನ್ನು ಹಚ್ಚಿಕೊಂಡವನಿಗೆ ನಗೆಪಾಟಲು ತಪ್ಪಿದ್ದಲ್ಲ. ನನಗಂತೂ ಮದುವೆ ಮನೆಯಲ್ಲೂ ಆಗಿದೆ, ಬಸ್ಸಿನಲ್ಲೂ ಆಗಿದೆ. ಆದರೆ ನೆನೆನೆನೆದು ಹೇಳುವಂಥವೆಲ್ಲ ಆದದ್ದು ಒಬ್ಬನೇ ಗೆಳೆಯನ ದೆಸೆಯಿಂದ. ಅವನು ಹೋಗಿ ಎರಡು ವರ್ಷವಾಯಿತು. ಅವನ ವಿಷಯ ಎತ್ತಿದರೆ ಮೊದಲು ನಗು ಬರುತ್ತದೆ, ಅದರ ಹಿಂದೆಯೇ ಇನ್ನೊಂದು ಬರುತ್ತದೆ. ಬರಲಿ ಬಿಡಿ.

ನಾನು ತಮಿಳುನಾಡಿನ ಗಡಿಯ ಹೊಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಹಗಲೆಲ್ಲ ತಮಿಳಿನಲ್ಲಿ ಕಡತ ಬರೆದು, ಸಂಜೆ ಕನ್ನಡ ಕಾದಂಬರಿ ಓದಿಕೊಂಡು ಬದುಕಿದವನು. ಅವನು ಅಲ್ಲೇ ಪಕ್ಕದ ತೊರಪಲ್ಲಿ ಅಗ್ರಹಾರದ ಹತ್ತಿರ ಗುಲಾಬಿ ಬೆಳೆಯುತ್ತಿದ್ದವನು. ಮನೆಮಾತು ಕನ್ನಡ, ಕಲಿತ ಶಾಲೆ ತಮಿಳು. ಹಾಗಾಗಿ ಕನ್ನಡದ ಒಂದಕ್ಷರವೂ ಓದಲು ಬಾರದು. ಸಂಜೆ ಅವನು ತೋಟದ ಮೋಟರ್ ಮನೆಯ ಮುಂದೆ ಕೂತು ಹೂವನ್ನು ಕಟ್ಟು ಕಟ್ಟುವನು; ನಾನು ಎದುರಿಗೆ ಕೂತು ನಮ್ಮ ಲೇಖಕರನ್ನು ಗಟ್ಟಿಯಾಗಿ ಓದುವೆನು. ಲೇಖಕರ ಹೆಸರು ಮಾತ್ರ ಕೇಳಬೇಡಿ. ಇದ್ದಾರೆ, ಇನ್ನೂ ಬರೆಯುತ್ತಿದ್ದಾರೆ, ಇದು ಅವರ ಕಣ್ಣಿಗೆ ಬಿದ್ದರೆ ನನಗೇ ನಾಚಿಕೆ.

೧. ಕಾಗದ

ಅವರ ಪುಸ್ತಕ ಬಂದಾಗಲೆಲ್ಲ ನಾನು ಹೊಗಳಿ ಕಾಗದ ಹಾಕುತ್ತಿದ್ದೆ. ಒಂದಕ್ಕೂ ಉತ್ತರವಿಲ್ಲ. ಒಂದು ಸಂಜೆ ಅವರ ಕಾದಂಬರಿಯಲ್ಲಿ ಹೊಲದ ಕೆಲಸದ ಭಾಗ ಓದುತ್ತಿದ್ದಾಗ ಗೆಳೆಯ ಹೂವಿನ ಕಟ್ಟು ಪಕ್ಕಕ್ಕಿಟ್ಟು ರೇಗಿದ.

"ಏನ್ಲಾ ಇದು? ರಾಗಿ ಬಿತ್ತಿದ ನಾಕನೇ ದಿನಕ್ಕೇ ಈ ಹೆಂಗ್ಸು ಕಳೆ ಕೀಳ್ತಾ ಕುಂತವ್ಳೆ! ಕಳೆ ಯಾವ್ದು, ಪೈರು ಯಾವ್ದು ಅಂತ ಅವಳಿಗೆ ಗೊತ್ತಾಯ್ತದಾ? ಕಾಗದ ಬರಿ. ನಾನು ಹೇಳ್ದಂಗೇ ಬರಿ."

"ಅಷ್ಟು ದೊಡ್ಡವರಿಗೆ ಹಂಗೆಲ್ಲ ಬರೆಯೋದಾ?"

"ಅವರು ದೊಡ್ಡೋರು ಅಂತ ರಾಗಿ ಬೇಗ ಮೊಳೀತದೇನ್ಲಾ?"

ಬರೆದೆ. ಹತ್ತೇ ದಿನಕ್ಕೆ ಉತ್ತರ ಬಂತು, ಅವನ ಹೆಸರಿಗೆ! ತಪ್ಪಾಯಿತು, ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇನೆ, ನಿಮ್ಮಂಥ ಓದುಗರು ಬೇಕು ಎಂದೆಲ್ಲ ಲೇಖಕರೇ ಕೈಯಾರೆ ಬರೆದಿದ್ದರು. ಇಪ್ಪತ್ತು ವರ್ಷ ಹೊಗಳಿದ ನನಗೆ ಸಿಕ್ಕಿದ್ದು, ಆ ಕಾಗದವನ್ನು ಅವನಿಗೆ ಓದಿ ಹೇಳುವ ಭಾಗ್ಯ. ನಾಲ್ಕು ಸಲ ಓದಿಸಿದ.

೨. ವೇದಿಕೆ

ಒಮ್ಮೆ ಲೇಖಕರು ಹೊಸೂರಿಗೇ ಬಂದರು. ಸಣ್ಣ ಸಭಾಂಗಣ, ಐವತ್ತು ಜನ. ಗೆಳೆಯ ಗುಲಾಬಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತ. ಲೇಖಕರು ತಮ್ಮ ಕಾದಂಬರಿಯ ಒಂದು ಭಾಗ ಓದತೊಡಗಿದರು. ಮೆತ್ತಗಿನ ದನಿ, ಅದೂ ಮೂಗಿನೊಳಗೆ. ಗೆಳೆಯ ಒಂದು ಪುಟ ತಡೆದುಕೊಂಡ. ಎರಡನೆಯದಕ್ಕೆ ಎದ್ದು ನಿಂತೇಬಿಟ್ಟ.

"ಸ್ವಾಮಿ, ತಪ್ಪು ತಿಳ್ಕೋಬ್ಯಾಡಿ, ನಿಮಗೆ ಓದಕ್ಕೆ ಬರಲ್ಲ. ಲೇ, ನೀನು ಹತ್ಲಾ ಮೇಲಕ್ಕೆ!"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲೇಖಕರು ಮಾತ್ರ ನಗುತ್ತಾ ಪುಸ್ತಕವನ್ನು ನನ್ನ ಕಡೆ ಚಾಚಿದರು. ಹತ್ತಿದೆ, ಓದಿದೆ. ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ನನಗೆ ಬಂದಿಲ್ಲ. ಆಮೇಲೆ ಲೇಖಕರು ಅವನ ಹೂವು ತೆಗೆದುಕೊಂಡು, "ನನ್ನವು ಯಾವ ಯಾವ ಪುಸ್ತಕ ಓದಿದ್ದೀರಿ?" ಎಂದು ಕೇಳಿದರು.

"ಒಂದೂ ಓದಿಲ್ಲ" ಎಂದ, ಎದೆ ಸೆಟೆಸಿ.

ಅವರ ಮುಖ ಬಾಡಿತು.

"ಎಲ್ಲಾ ಕೇಳಿವ್ನಿ ಸ್ವಾಮಿ. ಓದಿರೋನು ಇವನು. ಆದ್ರೆ ಇವನಿಗೆ ಒಂದೂ ನೆಪ್ಪಿಲ್ಲ!"

೩. ನಾನು ಬರೆದ ಎರಡು ಪುಟ

ಅವನಿಗೆ ಎದೆಯ ಕಾಯಿಲೆ ಕಾಣಿಸಿಕೊಂಡು, ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಮಲಗಿಸಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಅವನ ಮಗಳನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು. ಅವನಿಗೆ ಹೇಳಲಿಲ್ಲ. ಅದೇ ವಾರ ನಮ್ಮ ಲೇಖಕರ ಹೊಸ ಕಾದಂಬರಿ ಬಂದಿದೆ ಎಂದು ತಿಳಿಯಿತು. ಜೂಜುವಾಡಿ ಗಡಿಯ ಲಾರಿಗಳ ನಡುವೆ ತೆವಳುವ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ತಂದೆ.

"ಇದೊಂದು ಮುಗಿಸ್ಬುಡ್ಲಾ" ಎಂದ. ಬೇರೇನೂ ಕೇಳಲಿಲ್ಲ. ಗಂಜಿ ಬೇಡವೆಂದು ಹಟ ಮಾಡುವವನು ಕತೆಗೆ ಮಾತ್ರ ಎದ್ದು ಕೂರುವನು. ಪುಸ್ತಕ ಮುಗಿದ ನಾಲ್ಕನೇ ದಿನ ಅವನೂ ಮುಗಿದ. ಆದರೆ ನಾನು ಹೇಳಹೊರಟಿದ್ದು ಅದಕ್ಕೆ ಮುಂಚಿನ ಒಂದು ಮಧ್ಯಾಹ್ನದ ಮಾತು.

ಕಾದಂಬರಿಯಲ್ಲಿ ಒಬ್ಬ ಮುದುಕ ಬಡಗಿ ಇದ್ದ. ನನ್ನ ಗೆಳೆಯನಿಗೆ ಅವನ ಮೇಲೆ ಜೀವ. ಆಸ್ಪತ್ರೆಗೆ ಬರುವ ದಾರಿಯಲ್ಲಿ ಮುಂದಿನ ಅಧ್ಯಾಯ ತಿರುವಿ ನೋಡುತ್ತೇನೆ, ಬಡಗಿಗೂ ಕೆಮ್ಮು, ಅದೇ ಉಬ್ಬಸ. ಅಧ್ಯಾಯದ ಕೊನೆಗೆ ಸಾಯುತ್ತಾನೆ. ಇದನ್ನು ಹೇಗೆ ಓದಲಿ?

ಓದಲಿಲ್ಲ. ಪುಸ್ತಕ ಹಿಡಿದುಕೊಂಡು ಕಟ್ಟಿ ಹೇಳಿದೆ. ನಾನೂ ಬಿ.ಎ. ಮಾಡಿದವನಲ್ಲವೇ! ಬಡಗಿಗೆ ಒಬ್ಬ ಪಂಡಿತ ಸಿಕ್ಕಿದ, ಕಷಾಯ ಕೊಟ್ಟ, ಕೆಮ್ಮು ನಿಂತಿತು. ಬಡಗಿ ಎದ್ದು ಮುದ್ದೆ ಉಂಡ, ಮೊಮ್ಮಗಳಿಗೆ ತೊಟ್ಟಿಲು ಮಾಡಲು ಕೂತ. ಪುಟ ತಿರುವುತ್ತಾ, ಬೇಕಾದ ಕಡೆ ದನಿ ಏರಿಸುತ್ತಾ, ಎರಡು ಪುಟದಷ್ಟು ಹೇಳಿದೆ. ಗೆಳೆಯ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.

"ಲೇ" ಎಂದ.

"ಏನೋ?"

"ಇದು ಅವರು ಬರ್ದಿದ್ದಲ್ಲ."

"ಪುಸ್ತಕ ನನ್ನ ಕೈಯಲ್ಲೇ ಐತಲ್ಲೋ!"

"ಪುಸ್ತಕ ಅವರ್ದೇ. ಮಾತು ನಿಂದು. ಇಷ್ಟು ಕೆಟ್ಟದಾಗಿ ಅವರು ಯಾವತ್ತಾದ್ರೂ ಬರ್ದವ್ರಾ?"

ನಾನು ಕನ್ನಡಕ ಒರೆಸಿಕೊಂಡೆ. ಒರೆಸಿದಷ್ಟೂ ಮಂಜಾಗುತ್ತಿತ್ತು.

"ಬಡಗಿ ಹೋಗ್ಬುಟ್ನಾ?"

ನಾನು ಪುಸ್ತಕ ಮುಚ್ಚಲು ಹೋದೆ.

"ಹಿಂದಕ್ಕೆ ತಿರುವು. ಇರೋದು ಇದ್ದಂಗೆ ಓದು."

"ಬ್ಯಾಡ ಕಣೋ. ಅವನಾದ್ರೂ ಬದುಕ್ಲಿ ಬುಡೋ" ಎಂದೆ. ಹಾಗೆ ಅನ್ನಬಾರದಿತ್ತು, ಅಂದುಬಿಟ್ಟೆ.

ಅವನು ನನ್ನನ್ನೇ ನೋಡಿದ. ಎಲ್ಲವೂ ಗೊತ್ತಿದ್ದವನ ನೋಟ. ಆಮೇಲೆ ಕೆಮ್ಮುವವರೆಗೂ ನಕ್ಕ, ಉಸಿರು ತಿರುಗುವ ತನಕ ಕಾದು, ಹೇಳಿದ:

"ನಿನ್ನ ಕೈಲಿ ಬದುಕೋದಕ್ಕಿಂತ ಅವರ ಕೈಲಿ ಸಾಯೋದೇ ವಾಸಿ ಕಣ್ಲಾ. ಓದು."